ಕರೆಂಟಿನ ಬಿಸಿನೀರಿನ ಟ್ಯಾಂಕ್: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಊರಲ್ಲಿ ಗೀಸರ್ ಅಂದರೆ ಬಚ್ಚಲಿನ ಗೋಡೆಯ ಮೇಲಿನ 15 ಲೀಟರಿನದು. ಸ್ನಾನಕ್ಕೆ ಮುಂಚೆ ಸ್ವಿಚ್ ಹಾಕಿ, ಆಮೇಲೆ ಆರಿಸುವುದು ರೂಢಿ. ಇಲ್ಲಿ ಗ್ಯಾರೇಜಿನಲ್ಲೋ ಬೇಸ್‌ಮೆಂಟಿನಲ್ಲೋ ನಿಂತಿರುವ 40–50 ಗ್ಯಾಲನ್ (ಸುಮಾರು 150–190 ಲೀಟರ್) ಟ್ಯಾಂಕಿಗೆ ಅಂಥ ಸ್ವಿಚ್ ಇರುವುದಿಲ್ಲ, ಹುಡುಕಬೇಡಿ. ಅದು ದಿನವಿಡೀ ನೀರನ್ನು ಬಿಸಿಯಾಗಿಯೇ ಇಟ್ಟಿರುತ್ತದೆ. ಅಡಿಯಲ್ಲಿ ಬರ್ನರ್, ಮೇಲೆ ಹೊಗೆಕೊಳವೆ ಇದ್ದರೆ ಗ್ಯಾಸಿನದು. ಅದರ ಕ್ರಮವೇ ಬೇರೆ.

ಟ್ಯಾಂಕಿನ ಮೇಲ್ಭಾಗಕ್ಕೊಂದು, ಕೆಳಭಾಗಕ್ಕೊಂದು ಎಲಿಮೆಂಟ್ (ನೀರು ಕಾಯಿಸುವ ಕರೆಂಟಿನ ಸರಳು) ಇರುತ್ತದೆ. ಸಾಮಾನ್ಯವಾಗಿ ಎರಡೂ 240 ವೋಲ್ಟ್, 4500 ವ್ಯಾಟಿನವು. ಒಂದೊಂದಕ್ಕೂ ಒಂದು ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿಕೊಂಡು ಕರೆಂಟ್ ಬಿಡುವ, ನಿಲ್ಲಿಸುವ ಭಾಗ. ಅದು ನೀರಿನಲ್ಲಿ ಮುಳುಗಿರುವುದಿಲ್ಲ, ಟ್ಯಾಂಕಿನ ಹೊರಮೈಗೆ ಒತ್ತಿಕೊಂಡು ಲೋಹದ ಬಿಸಿ ನೋಡುತ್ತಿರುತ್ತದೆ. ಎರಡು ಎಲಿಮೆಂಟೂ ಒಟ್ಟಿಗೆ ಉರಿಯುವುದಿಲ್ಲ. ಮೊದಲು ಮೇಲಿನದು, ಮೇಲಿನ ನೀರು ಕಾದ ಮೇಲೆ ಮೇಲಿನ ಥರ್ಮೋಸ್ಟಾಟ್ ಕರೆಂಟನ್ನು ಕೆಳಗಿನದಕ್ಕೆ ದಾಟಿಸುತ್ತದೆ.

ಈ ಸರದಿ ಗೊತ್ತಿದ್ದರೆ ಯಾವುದು ಕೆಟ್ಟಿದೆಯೆಂದು ಅರ್ಧ ಊಹಿಸಬಹುದು. ಬಿಸಿನೀರು ಬರುತ್ತದೆ, ಆದರೆ ಒಬ್ಬರ ಸ್ನಾನಕ್ಕೇ ಮುಗಿಯುತ್ತದೆ ಅಂದರೆ ಕೆಳಗಿನ ಎಲಿಮೆಂಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಬಿಸಿಯೇ ಇಲ್ಲವೆಂದರೆ ಮೇಲಿನದರ ಮೇಲೆ ಅನುಮಾನ: ಅದು ಸತ್ತರೆ ಮೇಲಿನ ನೀರು ಕಾಯುವುದಿಲ್ಲ, ಸರದಿ ಕೆಳಗಿನದಕ್ಕೆ ಬರುವುದೇ ಇಲ್ಲ. ಎರಡು ಸಂದರ್ಭದಲ್ಲೂ ಡಯಲ್ ತಿರುಗಿಸಿ ಬಿಸಿ ಹೆಚ್ಚಿಸಿದರೆ ಏನೂ ಆಗದು. ಹಾಗೆಯೇ ನಾಲ್ಕು ಜನ ಸಾಲಾಗಿ ಸ್ನಾನ ಮಾಡಿ ಟ್ಯಾಂಕ್ ಖಾಲಿಯಾಗಿದ್ದರೆ ಅದು ಕೆಟ್ಟದ್ದಲ್ಲ. 40 ಗ್ಯಾಲನ್ ತಣ್ಣೀರು ಪೂರ್ತಿ ಕಾಯಲು ಒಂದೂವರೆಯಿಂದ ಎರಡು ಗಂಟೆ ಬೇಕು.

ಬಿಸಿ ಪೂರಾ ನಿಂತಿದ್ದರೆ ಮೊದಲು ಬ್ರೇಕರ್ ನೋಡಿ (ಸಾಮಾನ್ಯವಾಗಿ 30 ಆಂಪಿಯರಿನ ಜೋಡಿ). ಅದು ಸರಿಯಿದ್ದರೆ ಆರಿಸಿ, ಮೇಲಿನ ಥರ್ಮೋಸ್ಟಾಟನ್ನು ಮುಚ್ಚಿರುವ ತಗಡಿನ ಮುಚ್ಚಳ ಬಿಚ್ಚಿ, ಒಳಗಿನ ಇನ್ಸುಲೇಷನ್ ಸರಿಸಿ. ಟೆಸ್ಟರ್ ಹಿಡಿದು ಕರೆಂಟಿಲ್ಲವೆಂದು ಖಾತ್ರಿಯಾದ ಮೇಲೆ ಥರ್ಮೋಸ್ಟಾಟ್ ಮೇಲಿನ ಕೆಂಪು ಗುಂಡಿ ಒತ್ತಿ. ನೀರು ಅತಿಯಾಗಿ ಕಾದಾಗ ಕರೆಂಟ್ ಕಡಿಯುವುದು ಅದೇ. ಮತ್ತೆ ಮತ್ತೆ ಹಾರುತ್ತಿದ್ದರೆ ಒತ್ತುತ್ತಾ ಕೂರಬೇಡಿ. ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು, ವೈರ್ ಸಡಿಲವಾಗಿ ಸುಟ್ಟಿರಬಹುದು, ಇಲ್ಲವೇ ಎಲಿಮೆಂಟ್ ಒಡೆದು ಟ್ಯಾಂಕಿಗೆ ಕರೆಂಟ್ ಹರಿಯುತ್ತಿರಬಹುದು.

ಎಲಿಮೆಂಟ್ ಪರೀಕ್ಷೆಗೆ ವೈರ್ ಬಿಚ್ಚಿ, ಎರಡು ಸ್ಕ್ರೂಗಳ ನಡುವೆ ಮಲ್ಟಿಮೀಟರ್ ಇಡಿ. 4500 ವ್ಯಾಟಿನದಕ್ಕೆ 12–13 ಓಮ್ ತೋರಬೇಕು. ಒಂದೊಂದು ಸ್ಕ್ರೂನಿಂದ ಟ್ಯಾಂಕಿನ ಲೋಹಕ್ಕೆ ಏನೂ ತೋರಬಾರದು. ಎಲಿಮೆಂಟ್ ಬದಲಿಸಿದ ಮೇಲೆ ಬಿಸಿನೀರಿನ ನಲ್ಲಿ ತೆರೆದಿಟ್ಟು, ಗಾಳಿಯ ಸದ್ದು ನಿಂತು ನೀರು ಒಂದೇ ಸಮ ಬರುವವರೆಗೆ ಬ್ರೇಕರ್ ಹಾಕಬೇಡಿ. ನೀರಿಲ್ಲದೆ ಉರಿದ ಹೊಸ ಎಲಿಮೆಂಟ್ ನಿಮಿಷದೊಳಗೇ ಸುಡುತ್ತದೆ.

ಎರಡೂ ಥರ್ಮೋಸ್ಟಾಟ್ 120 ಡಿಗ್ರಿ ಫ್ಯಾರನ್‌ಹೀಟಿಗೆ (49 ಸೆಲ್ಸಿಯಸ್) ಇರಲಿ. ಎಣ್ಣೆಸ್ನಾನಕ್ಕೆ ಸಾಲದೆಂದು 140ಕ್ಕೆ ಏರಿಸಿದರೆ ಮಕ್ಕಳ ಚರ್ಮ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಫೀನಿಕ್ಸ್‌ನಂಥ ಗಡಸುನೀರಿನ ಊರಲ್ಲಿ ತಳದಲ್ಲಿ ಸುಣ್ಣ ಕೂತು ಕೆಳಗಿನ ಎಲಿಮೆಂಟನ್ನು ಮುಚ್ಚಿಬಿಡುತ್ತದೆ, ಗುಡುಗುಡು ಸದ್ದು ಅದರದೇ; ವರ್ಷಕ್ಕೊಮ್ಮೆ ಕೆಳಗಿನ ನಲ್ಲಿಯಿಂದ ಕೆಸರು ಹರಿಸಿ.

ಬಾಡಿಗೆ ಅಪಾರ್ಟ್‌ಮೆಂಟಾದರೆ ಮುಚ್ಚಳವನ್ನೂ ಮುಟ್ಟಬೇಡಿ, ಮೆಂಟೆನೆನ್ಸಿಗೆ ಫೋನ್ ಮಾಡಿ. ‘ಬಿಸಿನೀರಿಲ್ಲ’ ಅನ್ನುವ ಬದಲು, ಬರುವುದೇ ಇಲ್ಲವೋ ಅಥವಾ ಐದು ನಿಮಿಷ ಬಂದು ತಣ್ಣಗಾಗುತ್ತದೋ ಎಂದು ಹೇಳಿದರೆ ಅವರು ಸರಿಯಾದ ಭಾಗ ಹಿಡಿದೇ ಬರುತ್ತಾರೆ.