ಎಲೆಕ್ಟ್ರಿಕ್ ಪಿಕಪ್‌ನ ಸ್ಟೀರಿಂಗ್ ಸದ್ದು: ಕಿವಿಗಿಂತ ಕೈಯನ್ನು ನಂಬಿ

ಸ್ಟೀರಿಂಗ್ ತಿರುಗಿಸಿದರೆ ಟಕ್ ಅಂತಿದೆ ಅಂದ ಕೂಡಲೇ, ಆ ತಿರುವನ್ನು ಚಕ್ರಗಳಿಗೆ ತಲುಪಿಸುವ ರ‍್ಯಾಕ್ ಬದಲಾಯಿಸುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಹೊಸ ರ‍್ಯಾಕ್ ಕೂರುತ್ತದೆ, ಅಲೈನ್‌ಮೆಂಟ್ ಆಗುತ್ತದೆ, ಗಾಡಿ ಗೇಟು ದಾಟುವಷ್ಟರಲ್ಲಿ ಮತ್ತೆ ಅದೇ ಟಕ್. ದುಡ್ಡು ಹೋಯ್ತು, ಸದ್ದು ಉಳಿಯಿತು. ರ‍್ಯಾಕ್ ಕೊನೆಗೆ ಅನುಮಾನಿಸಬೇಕಾದ ಭಾಗ, ಮೊದಲಿಗಲ್ಲ.

ಎಲೆಕ್ಟ್ರಿಕ್ ಗಾಡಿಯಲ್ಲಿ ಎಂಜಿನ್ ಸದ್ದು ಇಲ್ಲ, ಅದಕ್ಕೇ ಡೀಸೆಲ್ ಪಿಕಪ್‌ನಲ್ಲಿ ಮುಚ್ಚಿಹೋಗುತ್ತಿದ್ದ ಚಿಕ್ಕ ಚಿಕ್ಕ ಸದ್ದುಗಳೆಲ್ಲ ಇಲ್ಲಿ ಕೇಳುತ್ತವೆ. ನಿಂತಲ್ಲೇ ತಿರುಗಿಸುವಾಗ ಸಣ್ಣಗೆ ಸುಂಯ್ ಅಂದರೆ ಅದು ಸ್ಟೀರಿಂಗ್ ಮೋಟರ್ ಕೆಲಸ ಮಾಡುವ ಸದ್ದು, ಬಿಟ್ಟುಬಿಡಿ. ಪವರ್ ಸ್ಟೀರಿಂಗ್ ಆಯಿಲ್ ಕಮ್ಮಿ ಇರಬೇಕು ಅಂತ ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಇಲ್ಲಿ ಆಯಿಲ್ಲೂ ಇಲ್ಲ, ಪಂಪೂ ಇಲ್ಲ.

ಮೊದಲ ಕೆಲಸ, ಸದ್ದು ಯಾವಾಗ ಬರುತ್ತದೆ ಅಂತ ಬರೆದಿಟ್ಟುಕೊಳ್ಳುವುದು. ನಿಂತಿದ್ದಾಗಲೋ, ಓಡುವಾಗಲೋ? ಒಂದೇ ಕಡೆಗೋ, ಎರಡೂ ಕಡೆಗೋ? ತಿರುಗುವಾಗ ಕಟ್ ಕಟ್ ಅಂತ ಬಂದು, ವೇಗ ಹೆಚ್ಚಿದ ಹಾಗೆ ಅದೂ ಬೇಗ ಬೇಗ ಬಂದರೆ ಆಕ್ಸಲ್‌ನ ಹೊರಗಿನ ಸಿವಿ ಜಾಯಿಂಟ್ (ಚಕ್ರ ಪಕ್ಕಕ್ಕೆ ತಿರುಗಿದ್ದಾಗಲೂ ಅದಕ್ಕೆ ಶಕ್ತಿ ಸಾಗಿಸುವ ಕೀಲು) ನೋಡಿ. ಗೂಂ ಅನ್ನುವ ಸದ್ದು ಎಡಕ್ಕೆ ತಿರುಗಿದಾಗ ಜಾಸ್ತಿಯಾದರೆ ಸಾಮಾನ್ಯವಾಗಿ ಬಲಗಡೆಯ ವೀಲ್ ಬೇರಿಂಗ್, ಏಕೆಂದರೆ ಆಗ ಭಾರ ಬಲಕ್ಕೆ ವಾಲುತ್ತದೆ. ಆಕ್ಸಿಲರೇಟರ್ ಬಿಟ್ಟ ಕ್ಷಣಕ್ಕೆ ಧಡ್ ಅಂದರೆ ರೀಜನರೇಷನ್ (ವೇಗ ತಗ್ಗುವಾಗ ಬ್ಯಾಟರಿಗೆ ಚಾರ್ಜ್ ಮರಳಿಸುವ ವ್ಯವಸ್ಥೆ) ಮಟ್ಟ ಕಮ್ಮಿ ಮಾಡಿ ಮತ್ತೆ ಓಡಿಸಿ. ಸದ್ದು ಹೋದರೆ ಅದು ಸ್ಟೀರಿಂಗ್‌ದಲ್ಲ, ಮೋಟರ್ ಮೌಂಟ್ ಅಥವಾ ಆಕ್ಸಲ್ ಕಡೆಯದು. ಸ್ಟೀರಿಂಗ್ ವೀಲ್ ಒಳಗೇ ಚರಚರ ಅಂದರೆ ಪ್ಲಾಸ್ಟಿಕ್ ಕವರ್ ಉಜ್ಜುತ್ತಿರಬಹುದು, ಇಲ್ಲವೇ ಏರ್‌ಬ್ಯಾಗ್‌ಗೆ ವೈರ್ ಒಯ್ಯುವ ಕ್ಲಾಕ್ ಸ್ಪ್ರಿಂಗ್. ಅದನ್ನು ಮನೆಯಲ್ಲಿ ಬಿಚ್ಚಲೇಬೇಡಿ.

ನೆಲವನ್ನೂ ಗಮನಿಸಿ. ಈ ಗಾಡಿಗಳ ತೂಕ ತುಂಬಾ ಜಾಸ್ತಿ, ಹಮ್ಮರ್ ಇವಿ ಪಿಕಪ್ ಅಂತೂ 4,000 ಕಿಲೋ ದಾಟುತ್ತದೆ. ನಿಂತಲ್ಲೇ ತಿರುಗಿಸಿದಾಗ ಟಯರ್ ರಬ್ಬರ್ ತಿರುಚಿಕೊಂಡು, ಹಿಡಿತ ಬಿಟ್ಟಾಗ ಟಪ್ ಅನ್ನುತ್ತದೆ. ಗಾಡಿಯನ್ನು ಸ್ವಲ್ಪ ಸ್ವಲ್ಪ ಮುಂದೆ ಬಿಡುತ್ತಾ ತಿರುಗಿಸಿ. ಆಗ ಸದ್ದು ಇಲ್ಲವಾದರೆ ಮೊದಲು ಟಯರ್ ಮತ್ತು ನೆಲದ ಮೇಲೆ ಅನುಮಾನ ಇಡಿ.

ಇನ್ನು ಎಲ್ಲರೂ ಎಡವುವ ಹಂತ. ಸದ್ದಿನ ಜಾಗ ಹುಡುಕುವಾಗ ಜನ ಕಿವಿ ಕೊಟ್ಟು ಕೂರುತ್ತಾರೆ. ಆದರೆ ಸದ್ದು ಕಬ್ಬಿಣದ ಮೂಲಕ ಹರಿದು ಎಲ್ಲೋ ಹುಟ್ಟಿ ಇನ್ನೆಲ್ಲೋ ಜೋರಾಗಿ ಕೇಳುತ್ತದೆ. ಕೆಳಗಿನ ಬಾಲ್ ಜಾಯಿಂಟ್‌ನ (ಚಕ್ರದ ಭಾಗವನ್ನು ಕೆಳಗಿನ ಆರ್ಮ್‌ಗೆ ಸೇರಿಸುವ ಗುಂಡು ಕೀಲು) ಟಕ್, ಒಳಗೆ ಕೂತವರಿಗೆ ಪೆಡಲ್ ಹತ್ತಿರ ಬಂದ ಹಾಗೆ ಕೇಳುತ್ತದೆ. ಕೈಗೆ ಮಾತ್ರ ಹೀಗೆ ಮೋಸ ಆಗುವುದಿಲ್ಲ.

ಜೊತೆಗೊಬ್ಬರು ಬೇಕೇ ಬೇಕು. ಸಮ ನೆಲ, ಪಾರ್ಕ್‌ನಲ್ಲಿ ಗೇರ್, ಪಾರ್ಕಿಂಗ್ ಬ್ರೇಕ್, ಹಿಂದಿನ ಚಕ್ರಗಳಿಗೆ ಎರಡೂ ಬದಿ ಅಡ್ಡಗಟ್ಟೆ. ಈ ಗಾಡಿ ಆನ್ ಆಗಿರುವುದು ಸದ್ದಿನಿಂದ ಗೊತ್ತಾಗುವುದಿಲ್ಲ, ಅದಕ್ಕೇ ಇಷ್ಟು ಎಚ್ಚರ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳ ತಂಟೆಗೆ ಹೋಗಬೇಡಿ. ಗಾಡಿಯನ್ನು ಎತ್ತಬೇಡಿ. ಎತ್ತಿದರೆ ಜಾಯಿಂಟ್‌ಗಳ ಮೇಲಿನ ಭಾರ ಬದಲಾಗಿ ಸದ್ದೇ ಮಾಯ ಆಗಬಹುದು.

ಒಳಗಿರುವವರು ಸ್ಟೀರಿಂಗನ್ನು ಗಡಿಯಾರದ 11ರಿಂದ 1ರವರೆಗೆ ಮಾತ್ರ, ನೀವು "ಹೂಂ" ಅಂದ ಮೇಲೆ ನಿಧಾನವಾಗಿ ಆಡಿಸಲಿ. ನೀವು ಮೊದಲು ಟೈ ರಾಡ್‌ನ (ರ‍್ಯಾಕ್‌ನಿಂದ ಚಕ್ರಕ್ಕೆ ಹೋಗುವ ಕಡ್ಡಿ) ಹೊರತುದಿಗೆ ಬನ್ನಿ. ಅಂಗೈಯಿಂದ ಜಾಯಿಂಟನ್ನು ಹೊರಗಿನಿಂದ ಮುಚ್ಚಿ ಹಿಡಿಯಿರಿ, ಕಡ್ಡಿಯ ಭಾಗ ಮತ್ತು ಅದು ಕೂತಿರುವ ಭಾಗ ಎರಡೂ ಕೈಗೆ ಸಿಗಬೇಕು. ಎರಡು ಭಾಗದ ನಡುವೆ ಬೆರಳು ತೂರಿಸಲೇಬೇಡಿ. ಎರಡೂ ಒಟ್ಟಿಗೆ ಚಲಿಸಬೇಕು. ಒಂದು ಹೊರಟು, ಒಂದು ಕ್ಷಣ ತಡೆದು ಇನ್ನೊಂದು ಹೊರಟರೆ ಅಲ್ಲಿ ಸಡಿಲವಿದೆ. ಆಮೇಲೆ ಕೆಳಗಿನ ಬಾಲ್ ಜಾಯಿಂಟ್, ಆಮೇಲೆ ರ‍್ಯಾಕ್ ತುದಿಯನ್ನು ಮುಚ್ಚಿದ ರಬ್ಬರ್ ತೋಳಿನ ಮೇಲಿಂದ ಟೈ ರಾಡ್‌ನ ಒಳತುದಿ, ಕೊನೆಗೆ ಸ್ಟೀರಿಂಗ್ ಶಾಫ್ಟ್‌ನ ಜಾಯಿಂಟ್. ಟೆಸ್ಲಾ ಸೈಬರ್‌ಟ್ರಕ್‌ನಲ್ಲಿ ಸ್ಟೀರಿಂಗ್ ವೀಲ್‌ನಿಂದ ಚಕ್ರದವರೆಗೆ ಹೋಗುವ ಶಾಫ್ಟೇ ಇಲ್ಲ, ಎಲ್ಲವೂ ವೈರ್ ಮೂಲಕ, ಹಾಗಾಗಿ ಅಲ್ಲಿ ಈ ಕೊನೆಯದನ್ನು ಬಿಡಿ.

ಎರಡು ರ‍್ಯಾಕ್ ಕಂಡು ಬಂದಿದ್ದ ಒಂದು ಪಿಕಪ್‌ನಲ್ಲಿ ನನಗೆ ಉತ್ತರ ಸಿಕ್ಕಿದ್ದು ಹೀಗೆಯೇ. ಕೆಳಗಿನ ಬಾಲ್ ಜಾಯಿಂಟ್ ಮೇಲೆ ಕೈ ಇಟ್ಟಾಗ ಪ್ರತಿ ಟಕ್‌ಗೂ ಉಗುರಿನ ಮೇಲೆ ಯಾರೋ ಸಣ್ಣಗೆ ತಟ್ಟಿದ ಹಾಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ರಬ್ಬರ್ ಬೂಟ್‌ನ ಮಡಿಕೆಯಲ್ಲಿ ಕೂದಲೆಳೆಯಷ್ಟು ಸೀಳು, ಅದರ ಸುತ್ತ ತುಕ್ಕಿನ ಕೆಂಪು ಗೆರೆ. ನೀರು ಒಳಗೆ ಹೋಗಿ ಗ್ರೀಸ್ ಕೆಟ್ಟಿತ್ತು.

ಕಾರಿನ ಅನುಭವ ಇದ್ದವರು ಇಂಥ ಕಡೆ ತಕ್ಷಣ ಸ್ಟ್ರಟ್ ಮೌಂಟ್ (ಸ್ಪ್ರಿಂಗ್ ಕೂತ ಕಂಬದ ಮೇಲ್ತುದಿಯ ಹಿಡಿಕೆ) ಅನ್ನುತ್ತಾರೆ. ಎಫ್-150 ಲೈಟ್ನಿಂಗ್, ರಿವಿಯನ್ ಆರ್1ಟಿ ಥರದ ಪಿಕಪ್‌ಗಳಲ್ಲಿ ಮುಂದೆ ಇರುವುದು ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿಯುವ ಜೋಡಣೆ. ಇಲ್ಲಿ ಸ್ಟೀರಿಂಗ್ ಜೊತೆ ಸ್ಪ್ರಿಂಗ್ ತಿರುಗುವುದಿಲ್ಲ, ಬಾಲ್ ಜಾಯಿಂಟ್‌ಗಳು ತಿರುಗುತ್ತವೆ. ಹಾಗಾಗಿ ಆ ಊಹೆ ಇಲ್ಲಿ ನಡೆಯುವುದಿಲ್ಲ.

ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರ್ ಅಂದರೆ ಮೊದಲು ನೀರು ಚಿಮುಕಿಸಿ. ಒಂದೊಂದೇ ರಬ್ಬರ್ ಬುಷ್‌ಗೆ (ಆರ್ಮ್ ಕೂರುವ ಕಡೆಯ ರಬ್ಬರ್ ಬಳೆ) ಹಾಕಿ ನೋಡುತ್ತಾ ಹೋಗಿ, ಯಾವುದಕ್ಕೆ ಹಾಕಿದಾಗ ಸದ್ದು ನಿಂತಿತೋ ಅದೇ ಕಳ್ಳ. ದಯವಿಟ್ಟು ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಎರಡು ದಿನ ಸದ್ದು ನಿಲ್ಲುತ್ತದೆ, ಆದರೆ ಒಳಗಿದ್ದ ಗ್ರೀಸ್ ತೊಳೆದುಹೋಗುತ್ತದೆ, ಪೆಟ್ರೋಲಿಯಂ ಎಣ್ಣೆಗೆ ಎಷ್ಟೋ ಬಗೆಯ ರಬ್ಬರ್ ಉಬ್ಬಿ ಹಾಳಾಗುತ್ತದೆ. ಜೊತೆಗೆ ಹುಡುಕಲು ಇದ್ದ ಸುಳಿವೂ ಹೋಗುತ್ತದೆ.

ಸಬ್‌ಫ್ರೇಮ್ (ಸಸ್ಪೆನ್ಷನ್ ಕೂರಿಸುವ ಕೆಳ ಚೌಕಟ್ಟು) ಬೋಲ್ಟ್ ಮೇಲೆ ಅನುಮಾನವೇ? ಬೋಲ್ಟ್ ತಲೆಯಿಂದ ಫ್ರೇಮ್‌ವರೆಗೆ ಪೇಂಟ್ ಪೆನ್‌ನಿಂದ ಒಂದು ಗೆರೆ ಎಳೆಯಿರಿ. ಕೆಲವು ದಿನ ಓಡಿಸಿ ನೋಡಿ. ಗೆರೆ ಮುರಿದಿದ್ದರೆ ಏನೋ ಜರುಗುತ್ತಿದೆ.

ಇಷ್ಟಾದ ಮೇಲೆ ಗಾಡಿ ಎತ್ತಿ. ಕಂಪನಿ ಹೇಳಿದ ಜಾಗದಲ್ಲೇ ಜ್ಯಾಕ್ ಕೊಡಿ, ನೆಲದಡಿಯ ಬ್ಯಾಟರಿಗೆ ಎಂದಿಗೂ ಬೇಡ. ತೂಕಕ್ಕೆ ತಕ್ಕ ಸ್ಟ್ಯಾಂಡ್ ಇಟ್ಟು, ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿದ್ದರೆ ಆ ಆರ್ಮ್‌ನ ಅಡಿಗೂ ಜ್ಯಾಕ್ ಕೊಟ್ಟು ಸ್ವಲ್ಪ ಎತ್ತಿ. ಆಗ ಕೆಳಗಿನ ಬಾಲ್ ಜಾಯಿಂಟ್ ಮೇಲಿನ ಭಾರ ಇಳಿದು ಸಡಿಲ ಕೈಗೆ ಸಿಗುತ್ತದೆ. ಚಕ್ರವನ್ನು 12 ಮತ್ತು 6ರಲ್ಲಿ ಹಿಡಿದು ಅಲುಗಿಸಿದಾಗ ಆಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್, 3 ಮತ್ತು 9ರಲ್ಲಿ ಮಾತ್ರ ಆಡಿದರೆ ಟೈ ರಾಡ್.

ಇವೆಲ್ಲ ಗಟ್ಟಿಯಾಗಿದ್ದು, ಟಕ್ ರ‍್ಯಾಕ್ ಮೈಮೇಲೇ ಕೈಗೆ ಸಿಕ್ಕರೆ ಆಗ ರ‍್ಯಾಕ್ ಮಾತು. ಅದರ ಎರಡು ತುದಿಯ ರಬ್ಬರ್ ತೋಳು ಹರಿದಿದೆಯಾ ನೋಡಿ, ಅಲ್ಲಿಂದಲೇ ನೀರು ಒಳಗಿಳಿಯುವುದು. ಸ್ಟೀರಿಂಗ್ ಎಲ್ಲಾದರೂ ಹಿಡಿದುಕೊಂಡರೆ, ತಾನಾಗಿ ನೇರಕ್ಕೆ ಬರದಿದ್ದರೆ, ಎಚ್ಚರಿಕೆ ದೀಪ ಹತ್ತಿದರೆ, ಗಾಡಿ ಓಡಿಸಬೇಡಿ, ಟೋ ಮಾಡಿಸಿ.

ಟೈ ರಾಡ್ ಬದಲಾಯಿಸಿದರೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಬುಷ್ ಹಾಕಿದ್ದರೆ ಅದರ ಬೋಲ್ಟನ್ನು ಗಾಡಿಯ ಭಾರ ಚಕ್ರದ ಮೇಲೆ ಕೂತ ಮೇಲೆಯೇ ಪೂರ್ತಿ ಬಿಗಿ ಮಾಡಿಸಿ. ತೂಗಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆಮೇಲೆ ಮೊದಲು ಸದ್ದು ಕೇಳಿದ ಅದೇ ಜಾಗದಲ್ಲಿ, ಅದೇ 11ರಿಂದ 1ರವರೆಗೆ ಇನ್ನೊಮ್ಮೆ ತಿರುಗಿಸಿ, ಜಾಯಿಂಟ್ ಮೇಲೆ ಕೈ ಇಟ್ಟು ನೋಡಿ.