ಅಪ್ಪಾಜಿಯ ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರಿದೆಯೇ? ಅಮೆರಿಕದಲ್ಲಿರುವ ದಾವಣಗೆರೆಯವರಿಗೆ

ದಾವಣಗೆರೆಯಲ್ಲಿ ಆಡಿಟರ್ ಅಂದರೆ ನಮ್ಮ ಕಡೆಯವರು. ಜುಲೈ ಬಂತೆಂದರೆ ಅಪ್ಪಾಜಿ ಕೈಚೀಲದ ತುಂಬ ಕಾಗದ ಹಿಡಿದು ಅವರ ಆಫೀಸಿಗೆ ಹೋಗುತ್ತಾರೆ, ಬರುವಾಗ ಬೆಣ್ಣೆ ದೋಸೆ ತಿಂದು ಬರುತ್ತಾರೆ. ಅಮೆರಿಕದಲ್ಲಿ ಆಡಿಟ್ ಎಂದರೆ ಎದುರು ಕಡೆಯವರ ಕೆಲಸ. ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್ ಕಾಗದ ಕಳಿಸಿ, ಇದಕ್ಕೆ ದಾಖಲೆ ಎಲ್ಲಿ ಎಂದು ಕೇಳುತ್ತದೆ.

ಗ್ರೀನ್ ಕಾರ್ಡ್ ಇರುವವರು, ಪೌರತ್ವ ಪಡೆದವರು ಎಲ್ಲಿ ದುಡಿದರೂ ಅಮೆರಿಕಕ್ಕೆ ಲೆಕ್ಕ ಕೊಡಬೇಕು. ಎಚ್-1ಬಿ ವೀಸಾ ಮೇಲೆ ಹೋದವರೂ ದಿನಗಳ ಎಣಿಕೆಯಲ್ಲಿ ಸಿಕ್ಕಿಕೊಳ್ಳುತ್ತಾರೆ: ಈ ವರ್ಷ ಕನಿಷ್ಠ 31 ದಿನ ಅಲ್ಲಿದ್ದು, ಈ ವರ್ಷದ ಎಲ್ಲ ದಿನ, ಹೋದ ವರ್ಷದ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ ಆರನೇ ಒಂದು ಪಾಲು ಕೂಡಿಸಿದಾಗ 183 ಆದರೆ ಸಾಕು.

ನಮ್ಮವರು ಎಡವುವುದು ಒಂದೇ ಕಡೆ. ಇಂಡಿಯಾದಲ್ಲಿ ತೆರಿಗೆ ಇಲ್ಲವಲ್ಲ, ಅಲ್ಲೇಕೆ ಹೇಳಬೇಕು ಅನ್ನುತ್ತಾರೆ. ನಿಮ್ಮ ಹೆಸರಿನ ತೋಟದ ಅಡಿಕೆ ಆದಾಯಕ್ಕೆ ಇಂಡಿಯಾದಲ್ಲಿ ತೆರಿಗೆ ಇಲ್ಲ, ಅಮೆರಿಕದಲ್ಲಿ ಇದೆ. ಎನ್‌ಆರ್‌ಇ ಡಿಪಾಸಿಟ್ಟಿನ ಬಡ್ಡಿ, ಪಿಪಿಎಫ್ ಬಡ್ಡಿ ಕೂಡ ಹಾಗೇ. ವಿದ್ಯಾನಗರದ ಮನೆ ಬಾಡಿಗೆಯನ್ನೂ ತೋರಿಸಬೇಕು. ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿನ ತೆರಿಗೆಯಿಂದ ವಜಾ ಮಾಡಿ ಎಂದು 1116 ಫಾರಂನಲ್ಲಿ ಕೇಳಬಹುದು. ಆದರೆ ನಮ್ಮದು ಏಪ್ರಿಲ್–ಮಾರ್ಚ್, ಅವರದು ಜನವರಿ–ಡಿಸೆಂಬರ್. ಎರಡು ವರ್ಷದ ಕಾಗದ ಕತ್ತರಿಸಿ ಜೋಡಿಸುವ ಕೆಲಸ ನಿಮ್ಮ ಪಾಲಿಗೆ.

ಇನ್ನು ಎಫ್‌ಬಾರ್, ಅಂದರೆ ಹೊರದೇಶದ ಖಾತೆಗಳ ವರದಿ; ಫಾರಂ ಹೆಸರು ಫಿನ್‌ಸೆನ್ 114. ಅಮೆರಿಕದ ಹೊರಗಿನ ನಿಮ್ಮ ಎಲ್ಲ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಸಲ್ಲಿಸಬೇಕು. ನಮ್ಮ ದುಡ್ಡಿನಲ್ಲಿ ಸುಮಾರು ಒಂಬತ್ತು ಲಕ್ಷ; ಒಂದು ಫಸಲಿನ ಅಡಿಕೆ ಮಾರಿದರೆ ದಾಟಿಹೋಗುತ್ತದೆ. ಪ್ರತಿ ಖಾತೆಯ ಆ ವರ್ಷದ ಗರಿಷ್ಠ ಬ್ಯಾಲೆನ್ಸ್ ಕೂಡಿಸುತ್ತಾರೆ. ಫೆಬ್ರವರಿಯಲ್ಲಿ ಚನ್ನಗಿರಿ ಮಂಡಿಯಿಂದ ಬಂದ 6 ಲಕ್ಷ ಉಳಿತಾಯ ಖಾತೆಗೆ ಬಿತ್ತು, ಮಾರ್ಚ್‌ನಲ್ಲಿ ಅದನ್ನೇ ಎಫ್‌ಡಿ ಮಾಡಿದಿರಿ ಅನ್ನಿ. ದುಡ್ಡು ಒಂದೇ, ಲೆಕ್ಕದಲ್ಲಿ 12 ಲಕ್ಷ. ಜಂಟಿ ಖಾತೆಯಾದರೆ ಪೂರ್ತಿ ಬ್ಯಾಲೆನ್ಸ್ ತೋರಿಸಬೇಕು, ಅರ್ಧ ಅಲ್ಲ. ಗಡುವು ಏಪ್ರಿಲ್ 15. ತಪ್ಪಿದರೆ ಕೇಳದೆಯೇ ಅಕ್ಟೋಬರ್ 15ರವರೆಗೆ ಸಿಗುತ್ತದೆ. ಇದಕ್ಕೆ ತೆರಿಗೆ ಇಲ್ಲ, ಬರೀ ಮಾಹಿತಿ. ಕೊಡದಿದ್ದರೆ ಮಾತ್ರ ದಂಡ: ಗೊತ್ತಿಲ್ಲದೆ ಬಿಟ್ಟದ್ದಕ್ಕೂ ಒಂದೊಂದು ವರ್ಷದ ವರದಿಗೆ 10,000 ಡಾಲರ್‌ಗೂ ಮೀರಿ ಹಾಕಬಹುದು. ಖಾತೆಗೊಂದರಂತೆ ಅಲ್ಲ, ವರದಿಗೊಂದರಂತೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದ್ದು ಸ್ವಲ್ಪ ಉಸಿರು ಬಿಡುವಂತೆ ಮಾಡಿದೆ. ಬೇಕೆಂದೇ ಮುಚ್ಚಿಟ್ಟರೆ ಖಾತೆಯಲ್ಲಿದ್ದ ದುಡ್ಡಿನ ಅರ್ಧದಷ್ಟು ಹೋದರೂ ಹೋಯಿತು.

ನಾನೂ ಇದರಲ್ಲಿ ಬಿದ್ದವನೇ. ಅಪ್ಪಾಜಿಗೆ ಎದೆನೋವು ಬಂದ ವರ್ಷ, ನಾಳೆ ಯಾರೂ ಓಡಾಡೋದು ಬೇಡ ಎಂದು ತಮ್ಮ ಖಾತೆಗೆ ನನ್ನ ಹೆಸರು ಸೇರಿಸಿದ್ದರು. ನಾನು ಒಂದು ರೂಪಾಯಿ ಮುಟ್ಟಿರಲಿಲ್ಲ. ರಿಟರ್ನ್ ತುಂಬಿಕೊಟ್ಟವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ರಿಟರ್ನಿನ ಶೆಡ್ಯೂಲ್ ಬಿ ಎಂಬ ಪುಟದ ಕೊನೆಯಲ್ಲಿ ಹೊರದೇಶದ ಖಾತೆ ಇದೆಯೇ ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಅಂತ ಗುರುತು. ಕೆಳಗೆ ನನ್ನ ಸಹಿ. ಗೊತ್ತಾದದ್ದು ಊರಿನ ಫೋನಿನಿಂದ: "ಅದೇನೋ ನಿನ್ನ ಅಮೆರಿಕಾ ನಂಬರ್ ಬೇಕಂತಪ್ಪ, ಬ್ಯಾಂಕ್ನೋರು ಫಾರಂ ಕೊಟ್ಟಾರೆ." ಅದು ಫ್ಯಾಟ್ಕಾ ಫಾರಂ; ಹೊರದೇಶದ ಖಾತೆಗಳ ಮಾಹಿತಿ ತರಿಸಿಕೊಳ್ಳುವ ಅಮೆರಿಕದ ಕಾನೂನು ಅದು. ಎರಡು ದೇಶಗಳ 2015ರ ಒಪ್ಪಂದದ ಪ್ರಕಾರ ನಮ್ಮ ಬ್ಯಾಂಕುಗಳು ಇಂಥ ಖಾತೆಗಳ ವಿವರ ಇಲ್ಲಿನ ಆದಾಯ ತೆರಿಗೆ ಇಲಾಖೆಗೆ ಕೊಡುತ್ತವೆ, ಅದು ಐಆರ್‌ಎಸ್‌ಗೆ ದಾಟಿಸುತ್ತದೆ. ಅಲ್ಲಿ ಹೊಂದಿಸಿ ನೋಡುವುದು ಯಂತ್ರ.

ದುಡ್ಡು, ಬಡ್ಡಿ ಎರಡೂ ಅಪ್ಪಾಜಿಯದೇ ಆದ್ದರಿಂದ ನನಗೆ ತೆರಿಗೆ ಬಾಕಿ ಇರಲಿಲ್ಲ. ಹಳೆಯ ಎಫ್‌ಬಾರ್‌ಗಳನ್ನು ಕಾರಣ ಬರೆದು ತಡವಾಗಿ ಸಲ್ಲಿಸಿದೆ, ಅಷ್ಟಕ್ಕೇ ಮುಗಿಯಿತು. ಆದಾಯವನ್ನೇ ಬಿಟ್ಟಿದ್ದವರಿಗೆ ಸ್ಟ್ರೀಮ್‌ಲೈನ್ಡ್ ಎಂಬ ದಾರಿ ಇದೆ: 3 ವರ್ಷದ ರಿಟರ್ನ್, 6 ವರ್ಷದ ಎಫ್‌ಬಾರ್, ಬೇಕೆಂದು ಮಾಡಿದ್ದಲ್ಲ ಎಂಬ ಹೇಳಿಕೆ, ಅಮೆರಿಕದಲ್ಲೇ ವಾಸವಿದ್ದರೆ ಮೇಲೆ 5% ದಂಡ. ಈ ಎರಡೂ ದಾರಿ ಐಆರ್‌ಎಸ್ ಕಾಗದ ಬರುವ ಮೊದಲು ಮಾತ್ರ. ಬಂದ ಮೇಲೆ ಈ ಬಾಗಿಲು ಮುಚ್ಚುತ್ತದೆ. ಮುಂದಿನ ವರ್ಷದಿಂದ ಸರಿಯಾಗಿ ತೋರಿಸೋಣ, ಹಿಂದಿನದು ಬೇಡ ಎಂದು ಸಲಹೆ ಕೊಡುವವರು ಇದ್ದಾರೆ, ನಾನಾದರೆ ಕೇಳುವುದಿಲ್ಲ.

ಪಿ.ಜೆ. ಬಡಾವಣೆಯ ಸೈಟು ಮಾರಿ ತಂದೆ-ತಾಯಿ ವರ್ಷದಲ್ಲಿ 1 ಲಕ್ಷ ಡಾಲರ್‌ಗಿಂತ ಹೆಚ್ಚು ಉಡುಗೊರೆಯಾಗಿ ಕಳಿಸಿದರೆ ತೆರಿಗೆ ಇಲ್ಲ, ಅದನ್ನು ತಿಳಿಸುವ 3520 ಫಾರಂ ಇದೆ. ಅದನ್ನು ಮರೆತರೆ ದಂಡ 25%ವರೆಗೆ ಏರುತ್ತದೆ. ಅಣ್ಣನ ಪ್ರೈವೇಟ್ ಲಿಮಿಟೆಡ್ ರೈಸ್ ಮಿಲ್ಲಿನಲ್ಲಿ 10% ಷೇರು ಇದ್ದರೆ ಹೊರದೇಶದ ಕಂಪನಿಗಳ 5471 ಫಾರಂ ಬೇಕೇ ಎಂದು ತೆರಿಗೆ ತಿಳಿದವರನ್ನು ಕೇಳಿ. ಊರಲ್ಲಿ ನಡೆಯುತ್ತಿರುವ ಮ್ಯೂಚುವಲ್ ಫಂಡ್ ಎಸ್‌ಐಪಿಗೆ 8621 ಫಾರಂ ಇದೆ, ಅದರ ಲೆಕ್ಕ ತಲೆಬೇನೆ.

ಐಆರ್‌ಎಸ್ ಮೊದಲು ಅಂಚೆಯಲ್ಲಿ ಬರುತ್ತದೆ. ಫೋನಿನಲ್ಲಿ ಪೊಲೀಸ್ ಬರ್ತಾರೆ ಎಂದು ಹೆದರಿಸುವವನು ಕಳ್ಳ. ಸಿಪಿ2000 ಎಂಬ ಕಾಗದ ಬಂದರೆ ಅದು ಆಡಿಟ್ ಅಲ್ಲ, ಲೆಕ್ಕ ತಾಳೆಯಾಗಿಲ್ಲ ಎಂಬ ಸೂಚನೆ. ಗಡುವಿನೊಳಗೆ ಉತ್ತರ ಕೊಡಿ. ಸಾಮಾನ್ಯವಾಗಿ 3 ವರ್ಷ ಹಿಂದಕ್ಕೆ ಕೆದಕಬಹುದು. ಹೊರದೇಶದ ಖಾತೆ, ಷೇರಿನಂಥ ಹಣಕಾಸು ಆಸ್ತಿಯಿಂದ ಬಂದ 5,000 ಡಾಲರ್‌ಗಿಂತ ಹೆಚ್ಚು ಆದಾಯ ಬಿಟ್ಟಿದ್ದರೆ 6 ವರ್ಷ. ರಿಟರ್ನನ್ನೇ ಹಾಕದವರಿಗೆ ಮಿತಿಯೇ ಇಲ್ಲ.

ಎಫ್‌ಬಾರ್ ಕಾಗದ 5 ವರ್ಷ ಇಡಬೇಕು. ಹಾಗಾಗಿ ಪ್ರತಿ ಜನವರಿ ಪಾಸ್‌ಬುಕ್ ಎಂಟ್ರಿ ಮಾಡಿಸಿ ಫೋಟೋ ಕಳಿಸಿ ಎಂದು ಅಪ್ಪಾಜಿಗೆ ಹೇಳುತ್ತೇನೆ. ಕಳಿಸುತ್ತಾರೆ. ಗರಿಷ್ಠ ಬ್ಯಾಲೆನ್ಸ್ ಇರುವ ಸಾಲಿನ ಮೇಲೇ ಹೆಬ್ಬೆರಳು ಇರುತ್ತದೆ. ಬೆರಳು ತೆಗೀರಿ ಅಂತ ಮತ್ತೆ ಫೋನ್ ಮಾಡಬೇಕು.