ತುಂಗಭದ್ರೆಯ ಎರಡು ದಂಡೆ, ಒಂದು ಸೈಕಲ್

ನಮ್ಮೂರು ಗಂಗಾವತಿ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಕೂತು ಕೂತು ಹೊಟ್ಟೆ ಬಂತು, ಶುಗರ್ ಬರುವ ಹಾಗಿದೆ ಎಂದು ಡಾಕ್ಟರ್ ಹೆದರಿಸಿದರು. ಆಗ ತಂದದ್ದು ಈ ಗೇರ್ ಸೈಕಲ್. ಮೊದಲ ಆರು ತಿಂಗಳು ಆನೆಗುಂದಿಯವರೆಗೆ ಹೋಗಿ ಬರುತ್ತಿದ್ದೆ. ಚೆಂದದ ದಾರಿ, ಸುಳ್ಳಲ್ಲ. ಆದರೆ ಅಂಜನಾದ್ರಿಗೆ ಹೋಗುವ ಕಾರುಗಳು ಜಾಸ್ತಿಯಾದ ಮೇಲೆ ಭಾನುವಾರ ಅಲ್ಲಿ ಸೈಕಲ್ ತುಳಿಯುವುದೆಂದರೆ ಜಾತ್ರೆಯಲ್ಲಿ ತುಳಿದ ಹಾಗೆ.

ಹಾಗಾಗಿ ಪೂರ್ವಕ್ಕೆ ಮುಖ ಮಾಡಿದೆ. ಆನೆಗುಂದಿಯ ಬಂಡೆಗುಡ್ಡಗಳನ್ನು ಬಿಟ್ಟು ಆ ಕಡೆ ಹೊರಳಿದರೆ ನೆಲ ತಟ್ಟೆಯ ಹಾಗೆ. ಎಡದಂಡೆಯಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರು. ಹೊಳೆಯ ಆಚೆ ಬಳ್ಳಾರಿ ಜಿಲ್ಲೆಯ ಕಂಪ್ಲಿ, ಸಿರುಗುಪ್ಪ. ನಡುವೆ ತುಂಗಭದ್ರೆ, ಎರಡೂ ಕಡೆ ಕಾಲುವೆ, ಕಣ್ಣು ಹಾಯುವಷ್ಟು ದೂರ ಭತ್ತ. ಕಂಪ್ಲಿಯಲ್ಲಿ ಹೊಳೆ ದಾಟಿ, ಸಿರುಗುಪ್ಪಕ್ಕೆ ಹೋಗಿ, ದಢೇಸುಗೂರಿನ ಹತ್ತಿರ ಮತ್ತೆ ಹೊಳೆ ದಾಟಿ, ಸಿಂಧನೂರಿನಿಂದ ಮನೆಗೆ. ಒಂದು ಸುತ್ತು ಸುಮಾರು 150 ಕಿಲೋಮೀಟರ್. ಎರಡು ದಿನಕ್ಕೆ ಆರಾಮ ಆಗುತ್ತದೆ ಎಂದುಕೊಂಡೆ. ಏರಿಲ್ಲ, ಇಳಿಜಾರಿಲ್ಲ, ಇನ್ನೇನು ಬೇಕು?

ಹೊರಟದ್ದು ಜುಲೈನಲ್ಲಿ. ಮೊದಲ ದಿನ ಕಂಪ್ಲಿಯಿಂದ ಸಿರುಗುಪ್ಪಕ್ಕೆ ಹೋಗುವಾಗ ಸೈಕಲ್ ತಾನಾಗಿಯೇ ಓಡುತ್ತಿತ್ತು. ನನ್ನ ಕಾಲಿಗೆ ಇಷ್ಟು ಬಲ ಎಲ್ಲಿಂದ ಬಂತು ಎಂದು ನಾನೇ ಬೆರಗಾಗಿದ್ದೆ. ಸಂಜೆ ಸಿಂಧನೂರು ಸೇರಿದೆ. ಲಾಡ್ಜಿನವರು ಸೈಕಲನ್ನು ರೂಮಿನೊಳಗೆ ಬಿಡಲು ಒಪ್ಪಲಿಲ್ಲ, ಮೆಟ್ಟಿಲ ಕೆಳಗೆ ಜನರೇಟರ್‌ಗೆ ಸರಪಳಿ ಹಾಕಿ ಕಟ್ಟಿದೆ.

ಮರುದಿನ ಗೊತ್ತಾಯಿತು, ಬಲ ನನ್ನದಲ್ಲ, ಗಾಳಿಯದು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ. ಬೆಳಿಗ್ಗೆ ಒಂಬತ್ತರವರೆಗೆ ಸುಮ್ನೆ ಇರುತ್ತದೆ, ಹತ್ತಕ್ಕೆ ಶುರುವಾದರೆ ಸಂಜೆಯವರೆಗೂ ಬಿಡುವುದಿಲ್ಲ. ತಡೆಯಲು ಒಂದು ಗುಡ್ಡವಿಲ್ಲ, ಒಂದು ಸಾಲು ಮರವಿಲ್ಲ. ಗುಡ್ಡದ ಏರಾದರೆ ತುದಿ ಕಾಣುತ್ತದೆ, ಆಮೇಲೆ ಇಳಿಜಾರು ಸಿಗುತ್ತದೆ. ಎದುರು ಗಾಳಿಗೆ ತುದಿಯೇ ಇಲ್ಲ. ಸಣ್ಣ ಗೇರಿಗೆ ಹಾಕಿ, ಹ್ಯಾಂಡಲ್ ಮೇಲೆ ಬಗ್ಗಿ, ಗಂಟೆಗೆ ಎಂಟೊಂಬತ್ತು ಕಿಲೋಮೀಟರ್. ಕಾರಟಗಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅಂಗಡಿ ಮುಂದೆ ಕುಸಿದು ಕೂತವನನ್ನು ನೋಡಿ ಒಬ್ಬ ಅಜ್ಜ ಕೇಳಿದ: "ಯಾಕೋ ತಮ್ಮಾ, ಗಾಡಿಗೆ ಎಣ್ಣಿ ಹಾಕ್ಸಾಕ ರೊಕ್ಕ ಇಲ್ಲೇನು?" ಉತ್ತರ ಕೊಡುವ ಶಕ್ತಿಯೂ ಇರಲಿಲ್ಲ. ಕೊನೆಗೆ ಖಾಲಿ ಗೋಣಿಚೀಲ ಹೊತ್ತು ಹೊರಟಿದ್ದ ಟಾಟಾ ಏಸ್‌ನಲ್ಲಿ ಸೈಕಲ್ ಮಲಗಿಸಿ, ಪಕ್ಕದಲ್ಲಿ ನಾನೂ ಮಲಗಿ ಊರಿಗೆ ಬಂದೆ.

ಅಂದಿನಿಂದ ಮಳೆಗಾಲದಲ್ಲಿ ನಾನು ಈ ಸುತ್ತು ಹೊಡೆಯುವುದಿಲ್ಲ. ಜುಲೈನಲ್ಲಿ ತುಳಿಯುವ ಚಟ ಹತ್ತಿದರೆ ಬೆಳಗಿನ ಐದಕ್ಕೆ ಎದ್ದು ಪಶ್ಚಿಮಕ್ಕೆ, ಹುಲಿಗಿ ಕಡೆಗೆ ಹೋಗುತ್ತೇನೆ. ಹೋಗುವಾಗ ಗಾಳಿ ಇನ್ನೂ ಎದ್ದಿರುವುದಿಲ್ಲ, ಬರುವಾಗ ಅದೇ ಮನೆಗೆ ತಳ್ಳುತ್ತದೆ. ದೊಡ್ಡ ಸುತ್ತಿಗೆ ಡಿಸೆಂಬರ್ ಕೊನೆ, ಜನವರಿಯೇ ಸರಿ. ಆಗ ಗಾಳಿ ಮೂಡಣದ್ದು, ಅದೂ ಮೆಲ್ಲಗೆ. ಆದ್ದರಿಂದ ಸುತ್ತನ್ನು ತಿರುವಿ ಹಾಕಿದ್ದೇನೆ: ಮೊದಲ ದಿನ ಕಾಲು ಹೊಸದಿರುವಾಗಲೇ ಕಾರಟಗಿ ಮೇಲೆ ಸಿಂಧನೂರು, ಎರಡನೇ ದಿನ ಸಿರುಗುಪ್ಪದಿಂದ ಕಂಪ್ಲಿಗೆ ಗಾಳಿ ಬೆನ್ನಿಗೆ. ಏಪ್ರಿಲ್, ಮೇ ತಿಂಗಳ ಮಾತೇ ಬೇಡ. ನಮ್ಮ ಬಿಸಿಲು ನಿಮಗೆ ಗೊತ್ತಲ್ವಾ?

ಇನ್ನು ಕಾಲುವೆ ದಂಡೆಯ ವಿಷಯ. ಮುನಿರಾಬಾದಿನ ತುಂಗಭದ್ರಾ ಡ್ಯಾಮಿನಿಂದ ಹೊರಟ ಎಡದಂಡೆ ಮುಖ್ಯ ಕಾಲುವೆ ರಾಯಚೂರು ಜಿಲ್ಲೆಯವರೆಗೆ ಒಟ್ಟು 200 ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ಅದರ ಪಕ್ಕದ ದಂಡೆ ರಸ್ತೆಯಲ್ಲಿ ಲಾರಿ ಕಾಟವಿಲ್ಲ, ಪಕ್ಕದಲ್ಲೇ ನೀರು, ಏರಿಳಿತ ಕಾಣುವುದೇ ಇಲ್ಲ. ನೀರು ತಾನಾಗಿ ಹರಿಯಬೇಕಾದ್ದರಿಂದ ಕಾಲುವೆಯನ್ನು ನೆಲದ ಮಟ್ಟ ಹಿಡಿದೇ ತೋಡಿದ್ದಾರೆ. ಅದಕ್ಕೇ ಅದು ಹಾವಿನ ಹಾಗೆ ಸುತ್ತುತ್ತದೆ. ಡಾಂಬರು ದಾರಿಯಲ್ಲಿ ಹತ್ತು ಕಿಲೋಮೀಟರ್ ಆಗುವುದು ದಂಡೆಯ ಮೇಲೆ ಹದಿನಾರು ಆದರೂ ಆಶ್ಚರ್ಯವಿಲ್ಲ. ನಮ್ಮೂರ ಕಡೆ ಗುಡ್ಡ ಅಡ್ಡ ಬಂದಲ್ಲಿ ಕಾಲುವೆ ಪಾಪಯ್ಯ ಸುರಂಗದೊಳಗೆ ನುಗ್ಗಿಬಿಡುತ್ತದೆ. ನಾನೂ ನನ್ನ ಸೈಕಲ್ಲೂ ಹೊರಗೇ ಉಳಿಯುತ್ತೇವೆ.

ಮಳೆ ಬಿದ್ದ ಮರುದಿನ ದಂಡೆಗೆ ಇಳಿಯಲೇಬೇಡಿ. ನಮ್ಮದು ಎರಿ ಮಣ್ಣು. ಒಣಗಿದಾಗ ಸಿಮೆಂಟ್, ನೆನೆದಾಗ ಮೇಣ. ಒಮ್ಮೆ ಅಕ್ಟೋಬರಿನಲ್ಲಿ ಕಾರಟಗಿ ದಾಟಿ ಉಪಕಾಲುವೆಯ ದಂಡೆ ಹಿಡಿದೆ. ಇನ್ನೂರು ಹೆಜ್ಜೆಗೆ ಟೈರು ಎರಡರಷ್ಟು ದಪ್ಪವಾಯಿತು. ಮಣ್ಣು ಸುತ್ತಿ ಸುತ್ತಿ ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ, ಚಕ್ರ ನಿಂತೇ ಹೋಯಿತು. ತಳ್ಳಿದರೆ ಹಿಂದಿನ ಚಕ್ರ ಉರುಳುವುದಿಲ್ಲ, ಜಾರುತ್ತದೆ. ಜಾಲಿ ಕಡ್ಡಿ ಮುರಿದು ಕೆದಕಿದೆ, ಹತ್ತು ಹೆಜ್ಜೆ ಹೋದೆ, ಮತ್ತೆ ಕೆದಕಿದೆ. ಆಮೇಲೆ ಸೈಕಲ್ ಹೆಗಲಿಗೆ. ಚಪ್ಪಲಿಗೆ ಮೆತ್ತಿದ ಮಣ್ಣಿನಿಂದ ನಾನೇ ಮೂರು ಇಂಚು ಎತ್ತರವಾಗಿದ್ದೆ. ಆಮೇಲೆ ಆ ಮಡ್‌ಗಾರ್ಡ್ ಎರಡನ್ನೂ ಬಿಚ್ಚಿ ಅಟ್ಟಕ್ಕೆ ಎಸೆದೆ. ಬೆನ್ನಿಗೆ ಕೆಸರು ಸಿಡಿದರೆ ಸಿಡಿಯಲಿ.

ಡಾಂಬರು ರಸ್ತೆಗೂ ಅದರದೇ ರೋಗ. ಗದ್ದೆ ರೊಳ್ಳಿ ಹೊಡೆಯುವ, ಅಂದರೆ ನಾಟಿಗೆ ಕೆಸರು ಕಲಸುವ ಟ್ರ್ಯಾಕ್ಟರುಗಳು ಕೇಜ್‌ವ್ಹೀಲ್ ಎಂಬ ಕಬ್ಬಿಣದ ಗಾಲಿ ಬಿಚ್ಚದೆ ಹಾಗೇ ರಸ್ತೆಗೆ ಬರುತ್ತವೆ. ಆ ಕಬ್ಬಿಣದ ಪಟ್ಟಿಗಳು ಡಾಂಬರಿನಲ್ಲಿ ಸಾಲುಗೆರೆ ಕೊರೆಯುತ್ತವೆ. ಅದರ ಮೇಲೆ ಒಂದು ಗಂಟೆ ತುಳಿದರೆ ಅಂಗೈ ಜೋಮು ಹಿಡಿಯುತ್ತದೆ. ಕಾರಿನಲ್ಲಿ ಹೋಗುವವರಿಗೆ ಇದು ಗೊತ್ತೇ ಆಗುವುದಿಲ್ಲ. ನಾಟಿ ಕಾಲದಲ್ಲಿ ಸಣ್ಣ ಊರುಗಳ ರಸ್ತೆ ಬಿಟ್ಟು ಹೆದ್ದಾರಿಯ ಅಂಚನ್ನೇ ಹಿಡಿಯುತ್ತೇನೆ.

ಸುಗ್ಗಿಯಲ್ಲಿ ಅದೇ ರಸ್ತೆ ಕಣವಾಗುತ್ತದೆ. ಅರ್ಧ ರಸ್ತೆಗೆ ಭತ್ತ ಹರವಿ, ಅಂಚಿಗೆ ಕಲ್ಲು ಸಾಲಿಟ್ಟಿರುತ್ತಾರೆ. ಸೈಕಲ್ ಭತ್ತದ ಮೇಲೆ ಹತ್ತಿದರೆ ಗೋಲಿಯ ಮೇಲೆ ಹತ್ತಿದ ಹಾಗೆ, ಸರ್ರನೆ ಜಾರುತ್ತದೆ. ಬೈಗುಳ ಬೇರೆ. ಸಿದ್ದಾಪುರದ ಹತ್ತಿರ ಒಬ್ಬಾಕೆ ಕಾಲಿನಲ್ಲೇ ಭತ್ತ ಕೆದರುತ್ತಾ ಹೋಗುತ್ತಿದ್ದಳು, ಗೆರೆ ಎಳೆದ ಹಾಗೆ. ನಿಂತು ಒಂದು ಕಾಳು ಹಲ್ಲಿಗೆ ಹಾಕಿ ಕಡಿದೆ. ಟಕ್ ಎನ್ನಲಿಲ್ಲ, ಮೆತ್ತಗೆ ಚಪ್ಪಟೆಯಾಯಿತು. "ಅಕ್ಕಾ, ಇನ್ನೂ ಹಸಿ ಐತಿ, ಎರಡು ಬಿಸಿಲು ಬೇಕು" ಎಂದೆ. "ನೀವು ಮಿಲ್ಲಿನವರೇನ್ರಿ?" ಎಂದು ಕೇಳಿದವಳು, ನಾನು ಹೌದೆಂದ ಮೇಲೆ ಮುಖ ತಿರುವಿದಳು. ಹಸಿ ಎಂದು ರೇಟು ಕಡಿಮೆ ಮಾಡುವವರು ನಾವೇ ತಾನೇ.

ಸೈಕಲ್ ಮೇಲೆ ಹೋದರೆ ನೀರಿನ ಲೆಕ್ಕ ಕಣ್ಣಿಗೆ ಕಾಣುತ್ತದೆ. ತೂಬಿನ ಹತ್ತಿರದ ಗದ್ದೆಯಲ್ಲಿ ಮೊಣಕಾಲು ನೀರು. ಅದೇ ಉಪಕಾಲುವೆ ಹಿಡಿದು ಕೊನೆಯವರೆಗೆ ಹೋದರೆ ಜೋಳ, ಕಡಲೆ, ಒಣ ಕಾಲುವೆಯೊಳಗೆ ಆಡು. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಬೇರೆ ನಷ್ಟ. ಅಲ್ಲಲ್ಲಿ ಬದುವಿನ ಅಂಚಿಗೆ ಸುಣ್ಣ ಬಳಿದ ಹಾಗೆ ಬಿಳಿ ಕಾಣುತ್ತದೆ. ಅದು ಸವಳು. ವರ್ಷಗಟ್ಟಲೆ ನೀರು ನಿಂತು, ಬಸಿದು ಹೋಗಲು ದಾರಿಯಿಲ್ಲದೆ ಕೆಳಗಿನ ಉಪ್ಪು ಮೇಲೆದ್ದ ನೆಲ. ಇಂಥ ನೆಲವನ್ನು ಸರಿ ಮಾಡುವ ಸಂಶೋಧನೆ ನಮ್ಮೂರ ಕೃಷಿ ಸಂಶೋಧನಾ ಕೇಂದ್ರದಲ್ಲೇ ನಡೆಯುತ್ತದೆ. ನಾನು ಅದರ ಮುಂದೆ ನೂರು ಸಲ ಬೈಕಿನಲ್ಲಿ ಹೋಗಿದ್ದರೂ ಸವಳು ನೋಡಿದ್ದು ಸೈಕಲ್ ಇಳಿದು ನಿಂತಾಗಲೇ.

ಕಂಪ್ಲಿ ಸೇತುವೆಯ ಬಗ್ಗೆ ಒಂದು ಮಾತು. ಡ್ಯಾಮಿನಿಂದ ಹೊಳೆಗೆ ಜಾಸ್ತಿ ನೀರು ಬಿಟ್ಟರೆ ಅದು ಮುಳುಗುತ್ತದೆ, ಎರಡೂ ಕಡೆ ಪೊಲೀಸರು ನಿಲ್ಲುತ್ತಾರೆ. ಸೈಕಲ್ ಎತ್ತಿಕೊಂಡು ದಾಟುತ್ತೇನೆ ಎಂದರೂ ಬಿಡುವುದಿಲ್ಲ. ಬಿಡಬಾರದು ಕೂಡ. ಆಗ ಕಡೆಬಾಗಿಲು–ಬುಕ್ಕಸಾಗರ ಸೇತುವೆಗೆ ಸುತ್ತಿ ಬರಬೇಕು. 2024ರ ಆಗಸ್ಟಿನಲ್ಲಿ ಡ್ಯಾಮಿನ 33 ಗೇಟುಗಳ ಪೈಕಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋದ ಮೇಲೆ ನಮ್ಮೂರ ಚಹಾ ಅಂಗಡಿಯಲ್ಲಿ ಎಲ್ಲರಿಗೂ ಕ್ಯೂಸೆಕ್, ಅಂದರೆ ಹೊಳೆಗೆ ಬಿಡುವ ನೀರಿನ ಲೆಕ್ಕ, ಬಾಯಿಪಾಠ. ಹಾಗಾಗಿ ಮಳೆಗಾಲದಲ್ಲಿ ಹೊರಡುವ ಮುನ್ನ ಒಂದು ಚಹಾ ಕುಡಿದರೆ ಸೇತುವೆಯ ಸುದ್ದಿ ಸಿಗುತ್ತದೆ.

ಊಟಕ್ಕೆ ತೊಂದರೆಯಿಲ್ಲ. ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಎಲ್ಲ ಊರಲ್ಲೂ ಸಿಗುತ್ತದೆ. ಆದರೆ ಎರಡು ಮಿರ್ಚಿಯ ಮೇಲೆ ತಿಂದು ತುಳಿದರೆ ಎದೆ ಉರಿ ಖಾತ್ರಿ. ಡ್ಯಾಮ್ ಆದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ಬಿಸಿ ಇಡ್ಲಿ ಇರುತ್ತದೆ, ನನ್ನ ಮೊದಲ ನಿಲುಗಡೆ ಶ್ರೀರಾಮನಗರ. ಮಧ್ಯಾಹ್ನ ಸಿಂಧನೂರಿನಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ.

ಸಾಮಾನಿನಲ್ಲಿ ಜಾಸ್ತಿ ಬೇಕಾದದ್ದು ಟ್ಯೂಬ್. ದಂಡೆಯುದ್ದಕ್ಕೂ ಬಳ್ಳಾರಿ ಜಾಲಿ, ನೆಲದ ಮೇಲೆ ನೆಗ್ಗಿಲ ಮುಳ್ಳು. ಎರಡು ಟ್ಯೂಬ್, ಪ್ಯಾಚು, ಸೊಲ್ಯೂಷನ್, ಕೈಪಂಪು ಇಲ್ಲದೆ ನಾನು ಊರು ಬಿಡುವುದಿಲ್ಲ. ಬೈಕಿಗಿರುವಂಥ ದಪ್ಪ ವಾಲ್ವಿನ ಟ್ಯೂಬನ್ನೇ ತೆಗೆದುಕೊಳ್ಳಿ. ತೆಳ್ಳನೆಯ ವಾಲ್ವಿಗೆ ಹಳ್ಳಿಯ ಪಂಚರ್ ಅಂಗಡಿಯಲ್ಲಿ ಗಾಳಿ ಹೊಡೆಯಲು ಬರುವುದಿಲ್ಲ. ಟ್ಯೂಬ್ ಬದಲಿಸುವಾಗ ಟೈರಿನ ಒಳಗೆ ಬೆರಳಾಡಿಸಿ ನೋಡಿ. ಜಾಲಿಮುಳ್ಳಿನ ತುದಿ ಮುರಿದು ರಬ್ಬರಿನಲ್ಲೇ ಉಳಿದಿರುತ್ತದೆ. ಅದನ್ನು ತೆಗೆಯದೆ ಒಂದೇ ಬೆಳಿಗ್ಗೆ ಎರಡು ಟ್ಯೂಬ್ ಹಾಳು ಮಾಡಿಕೊಂಡವನು ನಾನು.

ಈ ಜನವರಿಗೆ ಸಿಂಧನೂರಿನಲ್ಲಿ ನಿಲ್ಲದೆ ಮಾನ್ವಿ ಮೇಲೆ ರಾಯಚೂರಿನವರೆಗೆ ಹೋಗುವ ಯೋಚನೆ ಇದೆ. ಅಷ್ಟರಲ್ಲಿ ಹಿಂದಿನ ಟೈರು ಬದಲಿಸಬೇಕು. ಮೊನ್ನೆ ಎಣಿಸಿದೆ, ಏಳು ಪ್ಯಾಚು.